104 ಕಿಲೋ ಗುಂಡ, ಎರಡು ಹಿಮ್ಮಡಿ

ನಮ್ಮ ಗುಂಪಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರದೂ ಚಲಾವಣೆಯಲ್ಲಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದವರು ಮೇಷ್ಟ್ರು. ಬ್ಯಾಂಕಿನಲ್ಲಿ ಕ್ಯಾಶ್ ಎಣಿಸುತ್ತಿದ್ದವನು ಬ್ಯಾಂಕು. ವರ್ಷಗಟ್ಟಲೆಯಿಂದ ಮೈಸೂರಿನ ಜನರ ಮೊಣಕಾಲು ಬಗ್ಗಿಸಿ ಬೈಸಿಕೊಳ್ಳುತ್ತಿರುವವಳು ಫಿಸಿಯೋ. ಇನ್ನು ಗುಂಡನಿಗೆ ಆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ, 104 ಕಿಲೋ ಇದ್ದಾನೆ.

ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಮ್ಮ ಸಭೆ. ಗುಂಡ ಶೂ ಬಿಚ್ಚಿ, ಸಾಕ್ಸೂ ಬಿಚ್ಚಿ, ಕಾಲನ್ನು ಬೆಂಚಿನ ಮೇಲಿಟ್ಟು ಅದರ ಕಡೆಗೇ ನೋಡುತ್ತಿದ್ದ. ಹೊಟ್ಟೆ ಅಡ್ಡ ಬರುವುದರಿಂದ ಪೂರ್ತಿ ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದ.

"ಕುವೆಂಪು ಇದೇ ಕೆರೆ ಸುತ್ತ ವಾಕ್ ಮಾಡಿ ಕವಿತೆ ಬರೆದರು" ಎಂದರು ಮೇಷ್ಟ್ರು.

"ನಾನು ವಾಕ್ ಮಾಡಿ ಎಕ್ಸ್‌ರೇ ತೆಗೆಸಿದೆ" ಎಂದ ಗುಂಡ.

ವಿಷಯ ಏನಪ್ಪಾ ಅಂದರೆ, ಗುಂಡನಿಗೆ ಡಾಕ್ಟರು ನಡೆಯಿರಿ ಅಂದಿದ್ದರು. ಶುಗರ್ ಬಾರ್ಡರಿನಲ್ಲಿದೆ, ಬಿಪಿ ಬಾರ್ಡರ್ ದಾಟಿದೆ. ಅವನು ಸುಮ್ನೆ ನಡೆಯುವ ಜಾತಿಯವನಲ್ಲ, ಮಾಡಿದರೆ ದೊಡ್ಡದಾಗೇ ಮಾಡಬೇಕು. ಹತ್ತು ವರ್ಷದಿಂದ ಪಾರ್ಕಿಂಗಿನಿಂದ ಲಿಫ್ಟಿಗೆ ಬಿಟ್ಟರೆ ಬೇರೆಲ್ಲೂ ನಡೆಯದ ಮನುಷ್ಯ ಶುರುವಿನ ದಿನವೇ ಕೆರೆಯ ಪೂರ್ತಿ ಸುತ್ತು ಹೊಡೆದ, ಅಂದರೆ ಹತ್ತಿರ ಹತ್ತಿರ 4 ಕಿಲೋಮೀಟರ್, ಅದು ಸಾಲದು ಅಂತ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ. ಬೆಟ್ಟ ಹತ್ತಿದ್ದು ಭಕ್ತಿಯಿಂದ. ಇಳಿದದ್ದು ಇಬ್ಬರ ಹೆಗಲ ಮೇಲೆ ಕೈ ಹಾಕಿ. ಮಾರನೇ ದಿನ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಯಾರೋ ಮೊಳೆ ಹೊಡೆದ ಹಾಗಾಯಿತಂತೆ. ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಸ್ವಲ್ಪ ಕಡಿಮೆಯಾಯಿತು. ಕೂತು ಕಾಫಿ ಕುಡಿದು ಎದ್ದರೆ ಮತ್ತೆ ಬಂತು.

"ಎಲುಬು ಬೆಳೆದಿದೆಯಂತೆ" ಎಂದು ಗುಂಡ ಮೊಬೈಲಿನಲ್ಲಿ ಎಕ್ಸ್‌ರೇ ಫೋಟೋ ತೋರಿಸಿದ. ಹಿಮ್ಮಡಿ ಎಲುಬಿನ ಕೆಳಗೆ ಸಣ್ಣದೊಂದು ಕೊಕ್ಕೆ. ಬ್ಯಾಂಕು ಕನ್ನಡಕ ಏರಿಸಿ ನೋಡಿ, "ಇದನ್ನ ಗರಗಸದಲ್ಲಿ ಕೊಯ್ಯಬೇಕಾಗುತ್ತದೆ" ಅಂತ ತೀರ್ಪು ಕೊಟ್ಟ. ಅವನ ತೀರ್ಪುಗಳೆಲ್ಲ ಹೀಗೇ. ಸಾಲ ಕೇಳಲು ಬಂದವರಿಗೂ ಇದೇ ಮುಖದಲ್ಲಿ ಮಾತಾಡುತ್ತಿದ್ದ.

ಫಿಸಿಯೋ ಅಷ್ಟು ಹೊತ್ತು ಸುಮ್ಮನಿದ್ದವಳು ಬಾಯಿ ಬಿಟ್ಟಳು. "ಆ ಕೊಕ್ಕೆ ಇರುವವರು ಊರು ತುಂಬ ಇದ್ದಾರೆ. ಎಷ್ಟೋ ಜನಕ್ಕೆ ನೋವೇ ಇಲ್ಲ, ಗೊತ್ತೂ ಇಲ್ಲ. ಚುಚ್ಚುತ್ತಿರುವುದು ಅದಲ್ಲ. ಹಿಮ್ಮಡಿಯಿಂದ ಬೆರಳುಗಳ ಬುಡದ ತನಕ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ, ಪ್ಲಾಂಟರ್ ಫೇಸಿಯಾ ಅಂತ. ಪಾದದ ಕಮಾನನ್ನು ಎಳೆದು ಹಿಡಿಯುವುದು ಅದೇ. ಅದರ ಮೇಲೆ ಒಮ್ಮೆಲೇ ಭಾರ ಜಾಸ್ತಿಯಾದರೆ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲಿ ನೋಯುತ್ತದೆ. ರಾತ್ರಿಯಿಡೀ ಕಾಲಿಗೆ ಕೆಲಸವಿಲ್ಲದೆ ಬಿಗಿದುಕೊಂಡಿರುತ್ತದೆ, ಬೆಳಿಗ್ಗೆ ತಟ್ಟನೆ ನಿಂತರೆ ಎಳೆಯುತ್ತದೆ. ಅದಕ್ಕೇ ಮೊದಲ ಹೆಜ್ಜೆಗೆ ಜೀವ ಹೋಗುವುದು."

"ಹಾಗಾದರೆ ನಡೆಯುವುದೇ ಬೇಡ ಅಂತಾಯಿತು" ಎಂದ ಗುಂಡ. ಮುಖದಲ್ಲಿ ಏನು ಸಂತೋಷ!

"ಹಾಗಂತ ಯಾರಂದರು? ಲೆಕ್ಕ ಹಾಕು. ನಡೆಯುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಪಾದಕ್ಕೆ ಬರುವ ಒತ್ತಡ ಮೈತೂಕಕ್ಕಿಂತ ಸ್ವಲ್ಪ ಜಾಸ್ತಿಯೇ. ಕೆರೆ ಸುತ್ತು ಅಂದರೆ ಸುಮಾರು ಐದು ಸಾವಿರ ಹೆಜ್ಜೆ. ಒಂದೊಂದು ಕಾಲಿಗೂ ಎರಡೂವರೆ ಸಾವಿರ ಸಲ 104 ಕಿಲೋಗಿಂತ ಮೇಲೆ."

ಬ್ಯಾಂಕು ಕೂಡಲೇ ಗುಣಿಸಿದ. "ಎರಡು ಲಕ್ಷದ ಅರವತ್ತು ಸಾವಿರ ಕಿಲೋ! ಒಂದು ಕಾಲಿಗೆ!"

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗುಂಡ ಮಾತ್ರ ಮೊದಲ ಸಲ ತನ್ನ ಹಿಮ್ಮಡಿಯನ್ನು ಗೌರವದಿಂದ ಸವರಿದ.

ಮೇಷ್ಟ್ರಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. "ನಮ್ಮಜ್ಜ ಬರಿಗಾಲಲ್ಲಿ ಸಂತೆಗೆ ಹೋಗಿ ಬರುತ್ತಿದ್ದರು. ಅವರಿಗೆ ಯಾವ ಪಟ್ಟಿಯೂ ನೋಯಲಿಲ್ಲ. ಶೂ ಬಿಸಾಕು, ಬರಿಗಾಲಲ್ಲಿ ನಡೆ" ಅಂದರು.

"ನಿಮ್ಮಜ್ಜನ ತೂಕ ಎಷ್ಟಿತ್ತು ಮೇಷ್ಟ್ರೇ?"

"ಐವತ್ತೈದು ಇದ್ದರೆ ಹೆಚ್ಚು."

"ಹುಟ್ಟಿದಾಗಿನಿಂದ ಮಣ್ಣಿನ ಮೇಲೆ ನಡೆದ ಐವತ್ತೈದು ಕಿಲೋ. ಇವನು ಹುಟ್ಟಿದ್ದು ರೆಡ್ ಆಕ್ಸೈಡ್ ನೆಲದಲ್ಲಿ, ಬೆಳೆದದ್ದು ಮೊಸಾಯಿಕ್ಕಿನಲ್ಲಿ, ಈಗ ಇರುವುದು ಗ್ರಾನೈಟ್ ಹಾಕಿದ ಫ್ಲ್ಯಾಟಿನಲ್ಲಿ. ಅಜ್ಜನ ಕಾಲಿಗೂ ಇವನ ಕಾಲಿಗೂ ಏನು ನೆಂಟಸ್ತಿಕೆ?"

ಫಿಸಿಯೋ ಹೇಳಿದ್ದರಲ್ಲಿ ನನಗೆ ತುಂಬ ಹಿಡಿಸಿದ ಮಾತು ಇದೇ. ನಾವು ಒಂದು ಗಂಟೆ ವಾಕ್ ಮಾಡಲು ಸಾವಿರಾರು ರೂಪಾಯಿ ಕೊಟ್ಟು ಶೂ ಕೊಳ್ಳುತ್ತೇವೆ, ಮನೆಗೆ ಬಂದು ಅದನ್ನು ಬಾಗಿಲಲ್ಲಿ ಬಿಟ್ಟು ಮಿಕ್ಕ ದಿನವೆಲ್ಲ ಕಲ್ಲಿನಷ್ಟೇ ಗಟ್ಟಿಯಾದ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುತ್ತೇವೆ. ಅಡುಗೆಮನೆಯಲ್ಲಿ ಎರಡು ಗಂಟೆ ನಿಲ್ಲುವ ಹೆಂಗಸರ ಹಿಮ್ಮಡಿಯನ್ನು ಕೇಳುವವರೇ ಇಲ್ಲ. ಹಿಮ್ಮಡಿ ನೋವು ಇರುವಷ್ಟು ದಿನವಾದರೂ ಮನೆಯೊಳಗೆ ಹಾಕಲು ಬೇರೆಯೇ ಒಂದು ಜೊತೆ ಮೆತ್ತನೆ ಚಪ್ಪಲಿ ಇಟ್ಟುಕೊಳ್ಳಿ ಅಂದಳು. ಹವಾಯಿ ಚಪ್ಪಲಿ ಅಲ್ಲ, ಅದು ಸಪಾಟು. ಕಮಾನಿನ ಹತ್ತಿರ ಸ್ವಲ್ಪ ಎತ್ತರ ಇರುವುದು.

"ನನ್ನ ಹತ್ತಿರ ಅಕ್ಯುಪ್ರೆಶರ್ ಚಪ್ಪಲಿ ಇದೆ, ಮುಳ್ಳುಮುಳ್ಳಿರುವುದು" ಎಂದ ಬ್ಯಾಂಕು.

"ಅದನ್ನು ಶತ್ರುಗಳಿಗೆ ಕೊಡು."

ಮುಂದೆ ಶೂ ವಿಚಾರ ಬಂತು. ಗುಂಡನದು ಮಗಳು ಆನ್‌ಲೈನಿನಲ್ಲಿ ಡಿಸ್ಕೌಂಟಿಗೆ ತರಿಸಿದ್ದು, ಕಿತ್ತಳೆ ಬಣ್ಣ, ಕತ್ತಲಲ್ಲೂ ಕಾಣುತ್ತದೆ. ಸೈಜ್ ಎಂಟು. ಯಾಕೆ ಎಂಟು ಅಂದರೆ ಮದುವೆಯಲ್ಲಿ ಹಾಕಿದ್ದು ಎಂಟು. ಫಿಸಿಯೋ ನಕ್ಕಳು. ಮದುವೆಯ ಸೂಟು ಈಗ ಹಿಡಿಯುತ್ತದಾ ಅಂತ ಕೇಳಿದಳು. ಮೈ ದಪ್ಪಗಾದ ಹಾಗೆ ಪಾದವೂ ಹರಡಿಕೊಳ್ಳುತ್ತದೆ, ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಇದು ಯಾರಿಗೂ ಹೊಳೆಯುವುದಿಲ್ಲ. ಪ್ಯಾಂಟ್ ಬಿಗಿಯಾದರೆ ಟೈಲರ್ ಹತ್ತಿರ ಓಡುತ್ತೇವೆ, ಶೂ ಬಿಗಿಯಾದರೆ ಹೊಸದು, ಸಡಿಲ ಆಗುತ್ತೆ ಬಿಡು ಅಂತೇವೆ. ಅಂಗಡಿಗೆ ಸಂಜೆ ಹೋಗಬೇಕಂತೆ, ಅಷ್ಟು ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ವಾಕಿಗೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಬೇಕು, ಎರಡೂ ಕಾಲು ಅಳೆಸಬೇಕು, ದೊಡ್ಡ ಕಾಲಿಗೆ ಸರಿಯಾಗಿ ಕೊಳ್ಳಬೇಕು. ಉದ್ದದ ಬೆರಳಿನ ಮುಂದೆ ಹೆಬ್ಬೆರಳಷ್ಟು ಜಾಗ ಬೇಕು. ಹಿಂಭಾಗ ಗಟ್ಟಿಯಿರಬೇಕು. ಬಗ್ಗಿಸಿದರೆ ಶೂ ಬೆರಳಿನ ಹತ್ತಿರ ಬಗ್ಗಬೇಕೇ ಹೊರತು ಮಧ್ಯದಲ್ಲಿ ಮಡಚಿಕೊಳ್ಳಬಾರದು.

ಬ್ಯಾಂಕು ಗುಂಡನ ಕಿತ್ತಳೆ ಶೂ ಎತ್ತಿ ಬಗ್ಗಿಸಿದ. ಚಪಾತಿ ಸುರುಳಿ ಆಯಿತು.

"ಇದನ್ನೇನು ಮಾಡಲಿ?"

"ಹೇಗೂ ಕತ್ತಲಲ್ಲಿ ಕಾಣುತ್ತದಲ್ಲ, ಗೇಟಿಗೆ ಕಟ್ಟು."

ಈಗ ಮನೆಮದ್ದಿನ ಸರದಿ. ಬ್ಯಾಂಕಿನ ಅತ್ತಿಗೆಯ ತಮ್ಮನಿಗೆ ಎಕ್ಕದ ಎಲೆಯಿಂದ ವಾಸಿಯಾಗಿದೆಯಂತೆ. ಇಟ್ಟಿಗೆ ಕಾಯಿಸಬೇಕು, ಅದರ ಮೇಲೆ ಎಕ್ಕದ ಎಲೆ ಹರಡಬೇಕು, ಅದರ ಮೇಲೆ ಹಿಮ್ಮಡಿ ಇಟ್ಟು ಒತ್ತಬೇಕು. ಊರಿನ ಕಡೆ ಇದು ಎಲ್ಲರಿಗೂ ಗೊತ್ತಿರುವ ಮದ್ದೇ. ಬಿಸಿಗೆ ಹಾಯೆನಿಸುತ್ತದೆ, ಅದೇನು ಸುಳ್ಳಲ್ಲ. ಆದರೆ ಫಿಸಿಯೋ ಇಲ್ಲಿ ಮಾತ್ರ ನಗಲಿಲ್ಲ. ಶುಗರ್ ಹಳೆಯದಾದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಇಟ್ಟಿಗೆ ಎಷ್ಟು ಸುಡುತ್ತಿದೆ ಅಂತ ಗೊತ್ತೇ ಆಗುವುದಿಲ್ಲ, ಬೊಬ್ಬೆ ಬಂದು ಹುಣ್ಣಾಗಿ ಆಸ್ಪತ್ರೆ ಸೇರಿದವರಿದ್ದಾರೆ ಅಂದಳು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಇನ್ನೊಂದು ರಾಮಾಯಣ. ಹಾಗೆಯೇ, ಪಾದ ಜೋಮು ಹಿಡಿದರೆ, ಉರಿದರೆ, ಊದಿ ಬಿಸಿಯಾದರೆ, ಎಲುಬಿನ ಒಂದೇ ಜಾಗದಲ್ಲಿ ದಿನದಿಂದ ದಿನಕ್ಕೆ ನೋವು ಏರುತ್ತಿದ್ದರೆ, ಕಾಲೂರಲೇ ಆಗದಿದ್ದರೆ ಬೆಂಚಿನ ಮೇಲೆ ಕೂತು ನಮ್ಮನ್ನು ಕೇಳಬಾರದು, ಡಾಕ್ಟರ ಹತ್ತಿರ ಹೋಗಬೇಕು. ಹೆಬ್ಬೆರಳು ಕೆಂಪಗೆ ಊದಿ ಬೆಡ್‌ಶೀಟ್ ತಾಗಿದರೂ ಚೀರುವ ಹಾಗಾದರೆ ಅದು ಯೂರಿಕ್ ಆಸಿಡ್‌ನ ಕಥೆ ಇರಬಹುದು, ಅದರ ದಾರಿಯೇ ಬೇರೆ.

"ನೋವಿನ ಮಾತ್ರೆ ನುಂಗಿ ನಡೆದರೆ?" ಗುಂಡ ಆಸೆಯಿಂದ ಕೇಳಿದ.

"ಬಿಪಿ ಇರುವವನು ಅಂಗಡಿಯಿಂದ ಮಾತ್ರೆ ತಂದು ದಿನಾ ನುಂಗುತ್ತಾನಂತೆ. ಕಿಡ್ನಿಗೂ ಒಂದು ಶೂ ಕೊಡಿಸು ಆಮೇಲೆ."

ಹಾಗಾದರೆ ಏನು ಮಾಡಬೇಕು? ಹಾಸಿಗೆ ಬಿಡುವ ಮೊದಲೇ ಟವೆಲನ್ನು ಪಾದಕ್ಕೆ ಹಾಕಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ಗೋಡೆಗೆ ಕೈ ಕೊಟ್ಟು, ನೋಯುವ ಕಾಲು ಹಿಂದಿಟ್ಟು, ಹಿಮ್ಮಡಿ ನೆಲದಿಂದ ಏಳದ ಹಾಗೆ ಮುಂದಕ್ಕೆ ಬಾಗಬೇಕು. ಒಂದೊಂದು ಸಲಕ್ಕೆ ಅರ್ಧ ನಿಮಿಷ. ಮೀನಖಂಡ ಬಿಗಿಯಾದರೆ ಹಿಮ್ಮಡಿ ಹಿಡಿದು ಎಳೆಯುತ್ತದೆ, ಎಷ್ಟೋ ಜನರಿಗೆ ಗಲಾಟೆ ಶುರುವಾಗುವುದೇ ಅಲ್ಲಿಂದ. ಸ್ವಲ್ಪ ತಡೆಯುವ ಹಾಗಾದ ಮೇಲೆ, ಮೆಟ್ಟಿಲ ಅಂಚಿನಲ್ಲಿ ಬೆರಳುಗಳ ಕೆಳಗೆ ಟವೆಲ್ ಸುತ್ತಿಟ್ಟು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವುದು. ಸಂಜೆ, ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸುವುದು. ಸ್ಪರ್ಶ ಕಡಿಮೆ ಇರುವವರಿಗೆ ಇದೂ ಬೇಡ.

ಬಾಟಲಿ ಅಂದ ಕೂಡಲೇ ಮೇಷ್ಟ್ರು ಕೆಂಪಾದರು. ಅವರ ಮನೆಯಲ್ಲಿ ಹೆಂಡತಿ ಕಾಲಿಗೆಂದು ಇಟ್ಟ ಬಾಟಲಿಯಿಂದಲೇ ಬೀಗರಿಗೆ ನಿಂಬೆ ಪಾನಕ ಮಾಡಿಕೊಟ್ಟದ್ದು ಅವರೇ ಅಂತ ಆಮೇಲೆ ಗೊತ್ತಾಯಿತು. ಬೀಗರು ಎರಡನೇ ಲೋಟ ಕೇಳಿದರಂತೆ.

"ಆದರೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕಲ್ಲ" ಎಂದು ಗುಂಡ ಕೈಗಡಿಯಾರ ತೋರಿಸಿದ. "ಆಗದಿದ್ದರೆ ಇದು ರಾತ್ರಿ ನಡುಗುತ್ತದೆ."

ಇಲ್ಲಿ ಮೇಷ್ಟ್ರು ಗೆದ್ದರು. ಎಲ್ಲೋ ಓದಿದ್ದನ್ನು ಹೇಳುವ ಅವಕಾಶಕ್ಕಾಗಿಯೇ ಅವರು ಕಾದಿರುತ್ತಾರೆ. ಹತ್ತು ಸಾವಿರ ಯಾವ ಡಾಕ್ಟರ ಅಪ್ಪಣೆಯೂ ಅಲ್ಲ, 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು, ಮಾನ್‌ಪೋಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅಲ್ಲಿಂದ ಆ ಸಂಖ್ಯೆ ಜಗತ್ತಿನ ಮಣಿಕಟ್ಟಿಗೆಲ್ಲ ಬಂದು ಕೂತಿದೆ. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರನ್ನು ನೋಡಿ ಮಾಡಿದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಕಡಿಮೆ ಕಂಡಿತು, 7,500ರ ಹೊತ್ತಿಗೆ ಲಾಭ ಏರುವುದು ನಿಂತಿತು.

"ಅಂದರೆ ಅಂಗಡಿಯವರ ಮಾತಿಗೆ ನಾನು ಬೆಟ್ಟ ಹತ್ತಿದೆನಾ?"

"ಅಂಗಡಿಯವರೂ ಬೆಟ್ಟ ಹತ್ತು ಅಂದಿರಲಿಲ್ಲ."

ಫಿಸಿಯೋ ಲೆಕ್ಕ ಬೇರೆ. ಸಪಾಟಾದ ಜಾಗದಲ್ಲಿ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಕೆರೆಯ ಮಣ್ಣುದಾರಿ ಆದರೆ ಒಳ್ಳೆಯದು, ಕಾಂಕ್ರೀಟ್ ಬೇಡ, ಮೆಟ್ಟಿಲು ಸದ್ಯಕ್ಕೆ ಬೇಡವೇ ಬೇಡ. ನಡೆಯುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವಿದ್ದರೆ ಪರವಾಗಿಲ್ಲ, ಮಾರನೇ ದಿನ ಬೆಳಿಗ್ಗೆ ಅದು ಹಿಂದಿನ ದಿನಕ್ಕಿಂತ ಜಾಸ್ತಿ ಆಗಿರಬಾರದು. ಆಗಿದ್ದರೆ ಹಿಂದಕ್ಕೆ ಹೋಗು, ಆಗದಿದ್ದರೆ ವಾರಕ್ಕೆ ಐದು ನಿಮಿಷ ಸೇರಿಸು. ಉಸಿರು ಏರಬೇಕು ಅನಿಸಿದರೆ ಸೈಕಲ್ ತುಳಿ, ಈಜು, ಅವು ಹಿಮ್ಮಡಿಗೆ ಬಡಿಯುವುದಿಲ್ಲ.

"ನನ್ನ ನೋವು ಆರರಿಂದಲೇ ಶುರುವಾಗುತ್ತದೆ" ಎಂದ ಗುಂಡ.

"ಆರು ಅಂದರೆ ಮನೆಯಲ್ಲಿ ಟವೆಲ್ ಎಳೆ."

"ಎಷ್ಟು ದಿನಕ್ಕೆ ವಾಸಿಯಾಗುತ್ತದೆ?"

"ದಿನ ಅಲ್ಲ, ತಿಂಗಳು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಹೋಗುತ್ತದೆ. ತೂಕ ಸ್ವಲ್ಪ ಇಳಿದರೂ ಹಿಮ್ಮಡಿಗೆ ಉಸಿರಾಡಲು ಜಾಗ."

ತೂಕದ ಮಾತು ಬಂದದ್ದೇ ತಡ, ಗುಂಡ ವಾಕ್ ಆದ ಮೇಲೆ ಬೆಣ್ಣೆ ಮಸಾಲೆ ತಿನ್ನುವ ಪದ್ಧತಿಯನ್ನು ಬ್ಯಾಂಕು ಹೊರಗೆಳೆದ. ಇಡೀ ಕೆರೆ ಸುತ್ತಿದರೂ ಸುಮ್ಮನೆ ಕೂತಿದ್ದಕ್ಕಿಂತ ಇವನ ಮೈ ಹೆಚ್ಚಿಗೆ ಸುಡುವುದು ಇನ್ನೂರು ಇನ್ನೂರೈವತ್ತು ಕ್ಯಾಲೊರಿ. ಬೆಣ್ಣೆ ಜಾರುವ ಒಂದು ಮಸಾಲೆ ದೋಸೆ ಅದನ್ನು ಬಡ್ಡಿ ಸಮೇತ ವಾಪಸ್ ಕಟ್ಟುತ್ತದೆ. ಬ್ಯಾಂಕು ಜೀವನದಲ್ಲಿ ಕೊಟ್ಟ ಸರಿಯಾದ ಆರ್ಥಿಕ ಸಲಹೆ ಅದೊಂದೇ ಇರಬೇಕು. ನಿಜ ಹೇಳಬೇಕೆಂದರೆ ಕಾಲಿಗಿಂತ ಬಾಯಿಯೇ ತೂಕ ಇಳಿಸಬೇಕಾದದ್ದು, ನಡಿಗೆ ಶುಗರಿಗೆ, ಬಿಪಿಗೆ, ನಿದ್ದೆಗೆ. ಆದರೆ ಈ ಮಾತನ್ನು ದೋಸೆ ವಾಸನೆ ಬರುವ ಜಾಗದಲ್ಲಿ ಆಡಬಾರದು, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹೋದ ವಾರ ಗುಂಡ ಮತ್ತೆ ಸಿಕ್ಕ. ಹೊಸ ಶೂ, ಬೂದಿ ಬಣ್ಣ, ಸೈಜ್ ಒಂಬತ್ತೂವರೆ. ಕುಂಟು ಕಡಿಮೆಯಾಗಿದೆ. ತೂಕವೂ ಸ್ವಲ್ಪ ಇಳಿದಿದೆಯಂತೆ.

"ಮನೆಯೊಳಗಿನ ಚಪ್ಪಲಿ?"

"ತಂದಿದ್ದೇನೆ. ಅಮ್ಮ ದೊಡ್ಡ ಜಗಳ ತೆಗೆದರು. ಕೊನೆಗೆ ರಾಜಿಯಾಯಿತು. ಹಾಲ್‌ನಲ್ಲಿ ಹಾಕಬಹುದು, ರೂಮಿನಲ್ಲಿ ಹಾಕಬಹುದು, ದೇವರ ಮನೆಗೂ ಅಡುಗೆಮನೆಗೂ ಕಾಲಿಡುವ ಹಾಗಿಲ್ಲ. ಬಿಚ್ಚಿ ಹೋಗೋಣ ಅಂದರೆ ಗ್ರಾನೈಟ್ ಮೇಲೆ ಹಿಮ್ಮಡಿ ಒಪ್ಪುವುದಿಲ್ಲ."

ಫಿಸಿಯೋ ಮುಖ ಅರಳಿತು. "ಅಂದರೆ ರಾತ್ರಿ ಹನ್ನೊಂದು ಗಂಟೆಗೆ ಕೋಡುಬಳೆ ಡಬ್ಬ ಹುಡುಕುವುದು ನಿಂತಿತು! ತೂಕ ಇಳಿದದ್ದು ಅದಕ್ಕೇ. ನಿಮ್ಮಮ್ಮನ್ನ ನಮ್ಮ ಕ್ಲಿನಿಕ್ಕಿಗೆ ಸೇರಿಸಿಕೊಳ್ಳಬೇಕು."

ಗುಂಡ ಸುತ್ತ ನೋಡಿ ದನಿ ತಗ್ಗಿಸಿದ.

"ನಿಂತಿತ್ತು. ಈಗ ಮಗಳನ್ನು ಕಳಿಸುತ್ತೇನೆ. ಅವಳು ಅರ್ಧ ಕಮಿಷನ್ ಹಿಡಿದುಕೊಳ್ಳುತ್ತಾಳೆ, ಅದಕ್ಕೆ ಇಳಿದಿರುವುದು."