ಪದಚರ್ಚೆ: ಇಂಜಿನ್ನಿನ ‘ಡಿಸ್‌ಪ್ಲೇಸ್‌ಮೆಂಟ್’ಗೆ ಒಪ್ಪುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಐಟಿಐ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಮೋಟಾರು ಲೆಕ್ಕಗಳ ಪಾಠ ಬರೆಯುತ್ತಿದ್ದೇನೆ. ಕಾರಿನ ಇಂಜಿನ್ ‘ಡಿಸ್‌ಪ್ಲೇಸ್‌ಮೆಂಟ್’, ಅಂದರೆ ಪಿಸ್ಟನ್‌ಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವಾಗ ಸಿಲಿಂಡರುಗಳಲ್ಲಿ ತೆರವಾಗುವ ಜಾಗದ ಒಟ್ಟು ಅಳತೆ, ಲೆಕ್ಕ ಹಾಕುವ ಅಧ್ಯಾಯದಲ್ಲಿ ಪದ ಸಿಗದೆ ನಿಂತಿದ್ದೇನೆ.

ಭೌತವಿಜ್ಞಾನದ ‘ಸ್ಥಾನಪಲ್ಲಟ’ ಮೊದಲು ನೆನಪಾಗುತ್ತದೆ. ಆದರೆ ವಸ್ತು ಎಲ್ಲಿಂದ ಎಲ್ಲಿಗೆ, ಯಾವ ದಿಕ್ಕಿಗೆ ಸರಿಯಿತು ಎಂಬುದಕ್ಕೆ ಮಕ್ಕಳು ಆ ಪದ ಕಲಿತಿರುತ್ತಾರೆ. ಅದರ ಅಳತೆ ಮೀಟರಿನಲ್ಲಿ. ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ದಂಡ) ಒಂದು ಸುತ್ತು ಮುಗಿಸಿದಾಗ ಪಿಸ್ಟನ್ ಹೊರಟ ಜಾಗಕ್ಕೇ ವಾಪಸ್ ಬಂದಿರುತ್ತದೆ. ಅಂದರೆ ಆ ಅರ್ಥದಲ್ಲಿ ಸ್ಥಾನಪಲ್ಲಟ ಸೊನ್ನೆ! ನಮಗೆ ಬೇಕಾದದ್ದು ಸಿಸಿ, ಅಂದರೆ ಘನ ಸೆಂಟಿಮೀಟರು.

ಲೆಕ್ಕ ಹಾಕಿ ನೋಡಿದರೆ ಯಾವ ಅರ್ಥ ಬೇಕೆಂಬುದು ಸ್ಪಷ್ಟವಾಗುತ್ತದೆ. ಮಾರುತಿ 800 ಕಾರಿಗೆ ಮೂರು ಸಿಲಿಂಡರು. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ 68.5 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಓಡುವ ದೂರ 72 ಮಿ.ಮೀ. ಎರಡನ್ನೂ ಸೆಂಟಿಮೀಟರಿಗೆ ತಂದುಕೊಳ್ಳೋಣ. 6.85ರ ವರ್ಗ 46.92. ಅದನ್ನು ಪೈನ ಕಾಲು ಭಾಗ, ಅಂದರೆ 0.7854ರಿಂದ ಗುಣಿಸಿದರೆ 36.85. ಅದನ್ನು 7.2ರಿಂದ ಗುಣಿಸಿದರೆ ಸಿಲಿಂಡರಿಗೆ 265.3 ಸಿಸಿ, ಮೂರಕ್ಕೆ 796. ಕಂಪನಿ ಕೊಡುವ ಅಂಕಿಯೂ ಅದೇ. (ವ್ಯಾಸವನ್ನೇ ತ್ರಿಜ್ಯವೆಂದು ಹಿಡಿದರೆ ಉತ್ತರ ನಾಲ್ಕು ಪಟ್ಟಾಗುತ್ತದೆ. ಪಾಠದಲ್ಲಿ ಈ ಎಚ್ಚರಿಕೆ ಇರಲೇಬೇಕು.)

ಪಿಸ್ಟನ್ ಮೇಲ್ತುದಿ ಮುಟ್ಟಿದಾಗಲೂ ಅದರ ತಲೆಯ ಮೇಲೆ ಒಂದಿಷ್ಟು ಜಾಗ ಉಳಿದಿರುತ್ತದೆ. ಇಂಧನ ಹೊತ್ತಿಕೊಳ್ಳುವುದು ಅಲ್ಲಿ. ಈ 796ರಲ್ಲಿ ಆ ಜಾಗ ಸೇರಿಲ್ಲ. ಕಂಪ್ರೆಷನ್ ಅನುಪಾತ (ಪಿಸ್ಟನ್ ಕೆಳತುದಿಯಲ್ಲಿದ್ದಾಗಿನ ಒಟ್ಟು ಜಾಗ, ಮೇಲ್ತುದಿಯಲ್ಲಿದ್ದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದು) 9 ಇದ್ದರೆ, 265 ಸಿಸಿ ಸಿಲಿಂಡರಿಗೆ ಅದು ಸುಮಾರು 33 ಸಿಸಿ. ಹಾಗಾಗಿ ‘ಸಿಲಿಂಡರಿನ ಘನಫಲ’ ಎಂದರೂ ತಪ್ಪಾಗುತ್ತದೆ.

‘ಇಂಜಿನ್ ಗಾತ್ರ’ ಎಂದರೆ ಹೊರಗಿನ ಉದ್ದಗಲ ಕಣ್ಣಿಗೆ ಬರುತ್ತದೆ. ಆರ್‌ಸಿಯಲ್ಲಿರುವ ‘ಕ್ಯೂಬಿಕ್ ಕೆಪ್ಯಾಸಿಟಿ’ಯನ್ನು ನೋಡಿ ‘ಸಾಮರ್ಥ್ಯ’ ಎಂದರೆ ಇನ್ನೂ ಗೊಂದಲ, ಏಕೆಂದರೆ ನಮ್ಮಲ್ಲಿ ಸಾಮರ್ಥ್ಯವೆಂದರೆ ಕಸುವು. ಮಾರುತಿ ಫ್ರಾಂಕ್ಸ್‌ನಲ್ಲಿ 998 ಸಿಸಿಯ ಟರ್ಬೊ ಇಂಜಿನ್ನಿಗೆ 1197 ಸಿಸಿಯದಕ್ಕಿಂತ ಹೆಚ್ಚು ಕಸುವಿದೆ. ‘1.2 ಲೀಟರ್ ಇಂಜಿನ್’ ಎಂದರೆ ಆಯಿಲ್ ಎಷ್ಟು ಹಿಡಿಯುತ್ತದೆ ಎಂದುಕೊಳ್ಳುವವರೂ ಇದ್ದಾರೆ.

ಗ್ಯಾರೇಜಿನಲ್ಲಿ ‘ಸಿಸಿ ಎಷ್ಟು?’ ಎಂದರೆ ಮುಗಿಯಿತು. ಏಕಮಾನದ ಹೆಸರೇ ಪರಿಮಾಣದ ಹೆಸರಾಗಿದೆ, ಮಾತಿಗೆ ಅದು ಸೊಗಸಾಗಿಯೇ ಇದೆ. ‘ಇಂಜಿನ್ ಬೋರಿಗೆ ಬಂದಿದೆ’ (ಸಿಲಿಂಡರು ಸವೆದು, ಒಳಗೆ ಕೊರೆದು ಸ್ವಲ್ಪ ಅಗಲಿಸಬೇಕಾಗಿದೆ) ಎಂಬುದೂ ಹಾಗೆಯೇ ಒಗ್ಗಿಹೋದ ಮಾತು. ಅದನ್ನು ಲೆಕ್ಕಕ್ಕೂ ಬಳಸಿಕೊಳ್ಳಬಹುದು. ಹಳೆಯ ಬುಲೆಟ್ 350ರ ಬೋರ್ 70, ಸ್ಟ್ರೋಕ್ 90 ಮಿ.ಮೀ.; ಲೆಕ್ಕಕ್ಕೆ 346 ಸಿಸಿ. ಅರ್ಧ ಮಿಲಿಮೀಟರು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ 351 ಆಗುತ್ತದೆ. ಬೋರಿಗೆ ವರ್ಗವಿದೆ, ಸ್ಟ್ರೋಕಿಗೆ ಇಲ್ಲ ಎಂಬುದನ್ನು ಹುಡುಗರು ಇಷ್ಟರಿಂದಲೇ ಹಿಡಿದುಬಿಡುತ್ತಾರೆ.

ನನ್ನ ಒಲವು ‘ಪಿಸ್ಟನ್ ಓಟದ ಘನಫಲ’ದ ಕಡೆಗಿದೆ. ಘನಫಲ ಹೈಸ್ಕೂಲು ಗಣಿತದಲ್ಲೇ ಬಂದಿರುತ್ತದೆ; ‘ಓಟ’ ಎಂದಾಗ ಪಿಸ್ಟನ್ ಓಡದ ಜಾಗ ತಾನಾಗಿ ಹೊರಗುಳಿಯುತ್ತದೆ. ಬೋರ್, ಸ್ಟ್ರೋಕ್, ಸಿಸಿಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ಲೇತ್ ಮುಂದೆ ನಿಂತ ಹುಡುಗನಿಗೆ ‘ಒಳವ್ಯಾಸ’ ಎಂದು ಹೇಳಿಸುವುದು ನನಗೆ ಇಷ್ಟವಿಲ್ಲ.

‘ಓಟ’ ಎಂದರೆ ವೇಗದ ಅರ್ಥ ಇಣುಕುತ್ತದೆಯೇ, ‘ಓಡಾಟದ ಘನಫಲ’ ವಾಸಿಯೇ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಸ್ಟ್ರೋಕಿಗೆ ಬೇರೆ ಮಾತೇನಾದರೂ ಇದೆಯೇ? ಗೊತ್ತಿರುವವರು ದಯವಿಟ್ಟು ಬಳಕೆಯ ವಾಕ್ಯದ ಸಮೇತ ತಿಳಿಸಿ.