ಥಂಬ್ ರೀಡ್ ಆಗ್ಲಿಲ್ಲ ಅಂತ ಅರ್ಧ ದಿನ ಕಟ್, ಇದ್ಯಾವ ನ್ಯಾಯ?

ಮಲ್ನಾಡ್ ಮಳೆ: ನಮ್ಮಮ್ಮ ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ ಬೀಜ ಆರಿಸೋಕೆ ಹೋಗ್ತಾರೆ, ಇಪ್ಪತ್ತು ವರ್ಷ ಆಯ್ತು. ಈ ವರ್ಷ ಗೇಟಲ್ಲಿ ಥಂಬ್ ಮಷಿನ್ ಹಾಕಿದಾರೆ, ನಾಲ್ಕೈದು ಸಲ ಒತ್ತಿದ್ರೂ ಅಮ್ಮಂಗೆ ಕೆಂಪು ಲೈಟೇ, ಹಿಂದೆ ನಿಂತೋರು ಬೈತಾರೆ, ಸರಿ ಅಂತ ಒಳಗೆ ಹೋಗಿ ಸಂಜೆವರೆಗೂ ಕೆಲ್ಸ ಮಾಡಿದ್ರೂ ತಿಂಗ್ಳ ಕೊನೆಗೆ ಮೂರು ಅರ್ಧ ದಿನ ಕಟ್. ಕೇಳಿದ್ರೆ ಮಷಿನ್ ಸುಳ್ಳು ಹೇಳುತ್ತೇನಮ್ಮಾ ಅಂತಾರಂತೆ.

ಹಾಸನ್ ಹೈದ: ಬೇಜಾರಾಗ್ಬೇಡಿ, ನಾನು ಗಾರ್ಮೆಂಟ್ಸಲ್ಲಿ ಹಾಜರಿ ನೋಡ್ಕೊಳ್ಳೋನು. ಪುಸ್ತಕ ಇದ್ದಾಗ ಒಬ್ಬ ಬಂದು ಐದು ಜನದ ಸೈನ್ ಹಾಕ್ತಿದ್ದ ಕಣ್ರೀ. ಥಂಬ್ ಬಂದ್ಮೇಲೆ ಅದು ನಿಂತಿದೆ.

ರಿಪೇರಿ ಅಂಗಡಿ: ಇದನ್ನೇ ರಿಪೇರಿ ಮಾಡೋನಾಗಿ ಹೇಳ್ತೀನಿ. ಗೆರೆ ಎಲ್ಲಿ ನಿಲ್ಲುತ್ತೆ, ಎಲ್ಲಿ ಕವಲಾಗುತ್ತೆ ಅನ್ನೋ ಗುರುತನ್ನ ಮಷಿನ್ ತಾಳೆ ನೋಡೋದು. ಬೆರಳು ಸವೆದಿದ್ರೆ, ಒಣಗಿ ಸಿಪ್ಪೆ ಎದ್ದಿದ್ರೆ ಗುರುತೇ ಸಿಗಲ್ಲ. ಸೆಟ್ಟಿಂಗ್ ಬಿಗಿ ಮಾಡಿದ್ರೆ ಸರಿಯಾದೋರೇ ಹೊರಗೆ, ಸಡಿಲ ಬಿಟ್ರೆ ಬೇರೆಯೋರ ಬೆರಳೂ ಪಾಸ್ ಆಗ್ಬೋದು. ಎರಡೂ ತೊಂದ್ರೆ ಇಲ್ದಿರೋ ಮಷಿನ್ ನಾನಂತೂ ನೋಡಿಲ್ಲ. ಗಾಜು ಒರೆಸದೆ ವಾರಗಟ್ಲೆ ಬಿಡೋ ಪುಣ್ಯಾತ್ಮರು ಬೇರೆ!

ಘಾಟಿ ಗಾಳಿ: ಕಳ್ಳಾಟ ನಿಂತಿದೆ ಅನ್ನೋ ಹೈದನಿಗೆ: ಬ್ರೆಜಿಲಲ್ಲಿ 2013ರಲ್ಲಿ ಡಾಕ್ಟರೊಬ್ರು ಸಿಲಿಕೋನ್ ಬೆರಳು ಇಟ್ಕೊಂಡು ಬರದೇ ಇದ್ದ ಡಾಕ್ಟರುಗಳ ಹಾಜರಿ ಒತ್ತುತ್ತಿದ್ದಿದ್ದು ಸಿಕ್ಬಿತ್ತು. 2002ರಲ್ಲೇ ಜಪಾನಿನ ಮತ್ಸುಮೋಟೊ ಅನ್ನೋ ಪ್ರೊಫೆಸರ್ ಜೆಲಾಟಿನ್ ಬೆರಳಲ್ಲಿ ಸ್ಕ್ಯಾನರ್ ಏಮಾರಿಸಿ ತೋರ್ಸಿದ್ರು ಮಾರಾಯ್ರೆ. ಅಂದ್ರೆ ಕಳ್ಳಂಗೆ ದಾರಿ ಇದೆ, ಕೈ ಸವೆಸ್ಕೊಂಡೋರಿಗೆ ಮಾತ್ರ ಇಲ್ಲ.

ಹಾಸನ್ ಹೈದ: ಅಯ್ಯೋ ನಮ್ಮೋರು ಸಿಲಿಕೋನಿಗೆಲ್ಲ ಎಲ್ಲಿ ದುಡ್ಡು ಹಾಕ್ತಾರೆ ಬಿಡಿ. ಆದ್ರೆ ಒಂದು ಒಪ್ತೀನಿ, ಫೇಲ್ ಆದ ಥಂಬು ನಮ್ಮ ರಿಪೋರ್ಟಲ್ಲಿ ಬರೋದೇ ಇಲ್ಲ, ನಮಗೆ ಕಾಣೋದು ಬರೀ ಆಬ್ಸೆಂಟ್. ಅದಕ್ಕೇ ನಾವು ಗೇಟಲ್ಲಿ ಒಂದು ನೋಟ್‌ಬುಕ್ ಇಟ್ಟಿದೀವಿ, ರೀಡ್ ಆಗದೋರ ಹೆಸರು, ಟೈಮು ಸೆಕ್ಯೂರಿಟಿ ಬರೀತಾನೆ.

ಮಲ್ನಾಡ್ ಮಳೆ: ಅಂದ್ರೆ ಮತ್ತೆ ಪುಸ್ತಕಕ್ಕೇ ಬಂದ್ರಲ್ಲ ಸಾರ್ 😀

ರಿಪೇರಿ ಅಂಗಡಿ: ಅಮ್ಮಂದು ಒಂದೇ ಬೆರಳು ಕೊಟ್ಟಿದಾರಾ? ಎರಡೂ ಕೈದು ಮೂರ್ನಾಲ್ಕು ಬೆರಳು ಹೊಸದಾಗಿ ರಿಜಿಸ್ಟರ್ ಮಾಡ್ಸಿ, ಕಡಿಮೆ ಸವೆದಿರೋದು ನೋಡಿ.

ಮಲ್ನಾಡ್ ಮಳೆ: ಬಲಗೈ ಹೆಬ್ಬೆಟ್ಟು ಒಂದೇ. ರೇಷನ್ ಅಂಗಡೀಲಿ ಮೊನ್ನೆ ಎಡಗೈ ಉಂಗುರದ ಬೆರಳು ತಗೊಂಡಿತ್ತು, ಸೋಮವಾರ ಅದನ್ನೇ ಕೊಡಿ ಅಂತೀನಿ. ಆ ಮೂರು ಅರ್ಧ ದಿನದ ದುಡ್ಡು ಮಾತ್ರ ಬಿಡಲ್ಲ, ಪಕ್ಕದಲ್ಲಿ ಕೂತು ಬೀಜ ಆರಿಸಿದ ಮೂರು ಜನ ಹೇಳೋಕೆ ರೆಡಿ ಇದಾರೆ.