ಹೊಸ ತೆರಿಗೆ ಇಲ್ಲ ಅಂತಾರೆ, ಸೈಟ್ ನೋಂದಣಿ ಖರ್ಚು ಏರಿದ್ದು ಹೇಗೆ?

ಶಿರಸಿಪೇಟೆ: ಮುದ್ರಾಂಕ ಶುಲ್ಕ ಮೊದಲಿನ ಹಾಗೇ ಶೇ. 5. ಆದರೂ ನಗರಸಭೆ ವ್ಯಾಪ್ತಿಯ ಸೈಟಿಗೆ ಒಟ್ಟು ಖರ್ಚು ತುಂಬಾ ಏರಿದೆ. ಏರಿದ್ದು ಯಾವುದು? ಸದನದಲ್ಲಿ ಮಸೂದೆ ತಾರದೆ ಹೀಗೆ ಮಾಡಬಹುದಾ?

ಕ್ರಯಪತ್ರ: ಏರಿದ್ದು ಎರಡು. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರ (ಶುಲ್ಕದ ಲೆಕ್ಕಕ್ಕೆ ಸರ್ಕಾರ ಆಸ್ತಿಗೆ ನಿಗದಿ ಮಾಡುವ ಕನಿಷ್ಠ ಬೆಲೆ) ಸರಾಸರಿ ಶೇ. 30ರಷ್ಟು ಹೆಚ್ಚಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಯಿತು.

ಲೆಕ್ಕ ಹಾಕಿ ನೋಡಿ. ಮೊದಲು 20 ಲಕ್ಷದ ಸೈಟು ಅಂತಿಟ್ಟುಕೊಳ್ಳಿ. ಶೇ. 5 ಶುಲ್ಕ, ಅದರ ಮೇಲೆ ಶೇ. 10 ಸೆಸ್, ಶೇ. 2 ಸರ್ಚಾರ್ಜ್ (ಹಳ್ಳಿಯಲ್ಲಾದರೆ 3) ಸೇರಿ ಶೇ. 5.6, ಅಂದರೆ 1,12,000 ರೂಪಾಯಿ. ನೋಂದಣಿ 20,000. ಒಟ್ಟು 1,32,000. ಈಗ ಅದೇ ಸೈಟಿನ ದರ 26 ಲಕ್ಷ ಆಗಿದ್ದರೆ 1,45,600 ಮತ್ತು 52,000, ಒಟ್ಟು 1,97,600. ಮುದ್ರಾಂಕದ ಶೇಕಡಾವಾರು ಅಲ್ಲಾಡಲಿಲ್ಲ, ಕೈಯಿಂದ 65,600 ಹೆಚ್ಚು ಹೋಯಿತು.

ಇದಕ್ಕೆ ಹೊಸ ಮಸೂದೆ ಬೇಡ. ನೋಂದಣಿ ಕಾಯ್ದೆಯ 78ನೇ ಕಲಮು ಶುಲ್ಕದ ಪಟ್ಟಿ ಮಾಡುವ ಅಧಿಕಾರವನ್ನು ಸರ್ಕಾರಕ್ಕೇ ಕೊಟ್ಟಿದೆ, ರಾಜ್ಯಪತ್ರದಲ್ಲಿ ಪ್ರಕಟಿಸಿದರೆ ಆಯಿತು. ಮಾರ್ಗಸೂಚಿ ದರವನ್ನು ನಿಗದಿ ಮಾಡೋದು ಮೌಲ್ಯಮಾಪನ ಸಮಿತಿ.

ಶಿರಸಿಪೇಟೆ: ಹಾಗಾದ್ರೆ ಪತ್ರದಲ್ಲಿ ಹಳೇ ದರವನ್ನೇ ಬರೆಸಿದರೆ?

ಕ್ರಯಪತ್ರ: ಖಂಡಿತ ಬೇಡ. ಪತ್ರದಲ್ಲಿ ಬರೆದ ಬೆಲೆ, ಮಾರ್ಗಸೂಚಿ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೇ ಶುಲ್ಕ. ಮೇಲಾಗಿ ಅಂತರ ಶೇ. 10ನ್ನೂ 50,000 ರೂಪಾಯಿಯನ್ನೂ ದಾಟಿದರೆ ಆ ಅಂತರ ಕೊಂಡವರ ಆದಾಯಕ್ಕೆ ಸೇರಿ, ಅದಕ್ಕೂ ತೆರಿಗೆ ಬೀಳುತ್ತದೆ.

ಕಾಳಿತೀರ, ಕಾರವಾರ: ರಾಜ್ಯಕ್ಕೆ ಬೇರೆ ದಾರಿ ಕಡಿಮೆ ಎನ್ನುವುದನ್ನೂ ನೋಡಬೇಕು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ದರ ಏರಿಸುವ ಸ್ವಾತಂತ್ರ್ಯ ಉಳಿದದ್ದು ಮುಖ್ಯವಾಗಿ ಪೆಟ್ರೋಲ್, ಡೀಸೆಲ್, ಮದ್ಯ, ವಾಹನ, ಮುದ್ರಾಂಕದಲ್ಲಿ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಒಯ್ದರು. ಇರುವ ತೆರಿಗೆಯ ದರ ಏರಿತು, ಹೆಸರಿಗೆ ಹೊಸದೇನೂ ಬರಲಿಲ್ಲ. ಮದ್ಯದಲ್ಲಿ ಮಾತ್ರ ನಮ್ಮ ಕಡೆ ಮಿತಿ ಬೇಗ ಬರುತ್ತದೆ. ಗೋವಾದಲ್ಲಿ ಅಗ್ಗ, ಇಲ್ಲಿ ಸುಂಕ ಏರಿಸಿದಷ್ಟೂ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ತಪ್ಪಿಸಿ ಬರುವ ಬಾಟಲಿ ಹೆಚ್ಚುತ್ತದೆ, ಲೆಕ್ಕದ ಆದಾಯ ಸೋರುತ್ತದೆ.

ಅಘನಾಶಿನಿ: ಶುಲ್ಕ ಬೇರೆ, ತೆರಿಗೆ ಬೇರೆ ಎಂದು 1954ರಲ್ಲೇ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಶುಲ್ಕವೆಂದರೆ ಕೊಟ್ಟ ಸೇವೆಗೆ ಪ್ರತಿಯಾಗಿ ತೆಗೆದುಕೊಳ್ಳುವುದು. 10 ಲಕ್ಷದ ಪತ್ರಕ್ಕೂ 1 ಕೋಟಿಯ ಪತ್ರಕ್ಕೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೆಲಸ ಹೆಚ್ಚುಕಮ್ಮಿ ಒಂದೇ. ಶೇಕಡಾವಾರು ನೋಂದಣಿ ಶುಲ್ಕ ನನ್ನ ಪ್ರಕಾರ ತೆರಿಗೆಯೇ, ಅದನ್ನು ಸದನದಲ್ಲಿ ಚರ್ಚಿಸಿಯೇ ಏರಿಸಬೇಕಿತ್ತು. ಚಿರೆಕಲ್ಲು, ಮರಳಿನ ರಾಜಧನವೂ (ಅವನ್ನು ತೆಗೆಯಲು ಸರ್ಕಾರಕ್ಕೆ ಕಟ್ಟುವ ಹಣ) ಹೀಗೇ: ಇಂಥ ಉಪಖನಿಜಗಳ ನಿಯಮ ಮಾಡುವುದು ರಾಜ್ಯ ಸರ್ಕಾರ, ಹೊರೆ ಮನೆ ಕಟ್ಟುವವರ ಮೇಲೆ. ರಾಜಧನ ತೆರಿಗೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವೂ ಹೇಳಿದೆ.

ಮಾರ್ಗಸೂಚಿ ದರಕ್ಕೆ ಮಾತ್ರ ಆಕ್ಷೇಪಣೆಗೆ ದಾರಿ ಇದೆ. ಕರಡು ಪ್ರಕಟವಾದ ಕೂಡಲೇ ನಿಮ್ಮ ಸರ್ವೆ ನಂಬರಿನ ಸಾಲು ನೋಡಿ, ಅಕ್ಕಪಕ್ಕದ ಇತ್ತೀಚಿನ ಕ್ರಯಪತ್ರಗಳ ಪ್ರತಿ ಲಗತ್ತಿಸಿ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ. ಬರೀ "ದರ ಜಾಸ್ತಿ" ಎಂದು ಬರೆದ ಅರ್ಜಿಗೆ ಬಲವಿಲ್ಲ.